ಮೂವರಿಗೆ ಒಂದೇ ಕಯಾಕ್ ಸಾಕೇ? ಕಾಳಿ ಅಳಿವೆಗೆ ಹೊಂದುವ ದೋಣಿ ಯಾವುದು?

ಪ್ರಶ್ನೆ: ನಮ್ಮ ಮನೆ ಕಾರವಾರದ ಸದಾಶಿವಗಡದಲ್ಲಿ. ನಾನು 82 ಕೆ.ಜಿ., ಹೆಂಡತಿ 58, ಹತ್ತು ವರ್ಷದ ಮಗ 30 ಕೆ.ಜಿ. ಇದ್ದೇವೆ. ಮೂವರಿಗೂ ಅಷ್ಟಿಷ್ಟು ಈಜು ಬರುತ್ತದೆ. ಭಾನುವಾರ ಬೆಳಿಗ್ಗೆ ಕಾಳಿ ನದಿಯಲ್ಲಿ ಎರಡು ಮೂರು ಗಂಟೆ ಸುತ್ತಾಡಬೇಕು, ಒಮ್ಮೊಮ್ಮೆ ದೇವಬಾಗದ ಕಡೆ ಸಮುದ್ರಕ್ಕೂ ಇಳಿಯಬೇಕು ಎಂಬ ಆಸೆ. ಹೆಂಡತಿಯ ತವರು ಶಿರಸಿ, ರಜೆಯಲ್ಲಿ ಅಲ್ಲಿಗೂ ಒಯ್ಯುವಂತಿದ್ದರೆ ಒಳ್ಳೆಯದು. ಮೂವರೂ ಕೂರುವ ಒಂದೇ ಕಯಾಕ್ ಸಾಕೇ? ಕನೂ ಒಳ್ಳೆಯದೇ? ಗಾಳಿ ತುಂಬುವ ಕಯಾಕ್ ಅಗ್ಗಕ್ಕೆ ಸಿಗುತ್ತಿದೆ, ತಗೊಳ್ಳಬಹುದೇ?

ಉತ್ತರ: ಮೂವರಿಗೆ ಒಂದೇ ಕಯಾಕ್ (ಎರಡೂ ತುದಿಗೆ ಅಲಗಿರುವ ಹುಟ್ಟಿನಿಂದ ನಡೆಸುವ ಕಿರಿದೋಣಿ) ಬೇಡ. ನಿಮ್ಮ ಮನೆಗೆ, ನಿಮ್ಮ ನೀರಿಗೆ ಹೊಂದುವುದು ಮೇಲೆ ಕೂರುವ ಬಗೆಯ ಎರಡು ಗಟ್ಟಿ ಪ್ಲಾಸ್ಟಿಕ್ ಕಯಾಕ್‌ಗಳು: ಸುಮಾರು 12 ಅಡಿಯ ಜೋಡಿ ಸೀಟಿನದೊಂದು, 10ರಿಂದ 11 ಅಡಿಯ ಒಂಟಿ ಸೀಟಿನದೊಂದು. ಎರಡಕ್ಕೂ ಒಟ್ಟಿಗೆ ಹಣ ಹೊಂದದಿದ್ದರೆ ಈ ವರ್ಷ ಜೋಡಿಯದನ್ನು ತಗೊಂಡು ಸರದಿಯ ಮೇಲೆ ಇಬ್ಬಿಬ್ಬರು ಹೋಗಿ, ಮುಂದಿನ ವರ್ಷ ಇನ್ನೊಂದು ತಗೊಳ್ಳಿ.

ಹೀಗೆ ಹೇಳಲು ಮೊದಲ ಕಾರಣ ತೂಕ. ನಿಮ್ಮ ಮೂವರದೂ ಸೇರಿ 170 ಕೆ.ಜಿ. ಲೈಫ್ ಜಾಕೆಟ್, ನೀರಿನ ಬಾಟಲಿ, ತಿಂಡಿ, ಹಗ್ಗ, ಒದ್ದೆ ಬಟ್ಟೆ ಎಲ್ಲ ಸೇರಿದರೆ 180 ದಾಟುತ್ತದೆ. ಜೋಡಿ ಕಯಾಕ್‌ಗಳ ಮೇಲೆ ಸಾಮಾನ್ಯವಾಗಿ 200ರಿಂದ 250 ಕೆ.ಜಿ. ಸಾಮರ್ಥ್ಯ ಎಂದು ಬರೆದಿರುತ್ತದೆ. ಹಾಗಿದ್ದರೆ ಆಯಿತಲ್ಲ ಅನ್ನಿಸಬಹುದು. ಆದರೆ ಆ ಅಂಕಿ ದೋಣಿ ಮುಳುಗದೆ ಹೊರುವ ಕೊನೆಯ ಮಿತಿಗೆ ಹತ್ತಿರದ್ದು. ಅಷ್ಟು ಹೇರಿದರೆ ದೋಣಿ ತೇಲುತ್ತದೆ, ನಡೆಯುವುದಿಲ್ಲ. ಬರೆದ ಅಂಕಿಯ 65ರಿಂದ 70 ಶೇಕಡವನ್ನೇ ನಿಜವಾದ ಸಾಮರ್ಥ್ಯ ಎಂದುಕೊಳ್ಳಿ. 240 ಎಂದು ಬರೆದದ್ದು ನಿಮಗೆ 156ರಿಂದ 168 ಮಾತ್ರ. ಅದಕ್ಕಿಂತ ಹೆಚ್ಚಾದರೆ ಸೀಟಿನ ಬುಡದಲ್ಲಿರುವ ನೀರು ಬಸಿಯುವ ತೂತುಗಳು ನೀರಿನ ಮಟ್ಟಕ್ಕಿಂತ ಕೆಳಗಿಳಿದು, ಬಸಿಯುವ ಬದಲು ನೀರನ್ನು ಒಳಕ್ಕೇ ಬಿಡುತ್ತವೆ. ಕಾಲ ಬುಡದಲ್ಲಿ ಯಾವಾಗಲೂ ಎರಡಿಂಚು ನೀರು ನಿಂತಿರುವ ಕಯಾಕ್ ಕಂಡರೆ ಅದು ಸೋರುತ್ತಿದೆ ಎಂದಲ್ಲ, ಹೇರು ಹೆಚ್ಚಾಗಿದೆ ಎಂದೇ ತಿಳಿಯಬೇಕು. ತೂತುಗಳಿಗೆ ಬಿರಡೆ ಬಡಿದು ಕೂರುವವರಿದ್ದಾರೆ. ಆಗ ಅಲೆಯಿಂದ ಬಂದ ನೀರು ಹೊರಹೋಗಲು ದಾರಿಯೇ ಇರುವುದಿಲ್ಲ.

ಎರಡು ದೋಣಿಗೆ ಹಂಚಿ ನೋಡಿ. ನೀವು ಮತ್ತು ಮಗ 112, ಸಾಮಾನು ಸೇರಿ 120. ಜೋಡಿ ಕಯಾಕ್‌ಗೆ ಇದು ಹಗುರವಾದ ಹೇರು. ಮಗ ಮುಂದೆ, ನೀವು ಹಿಂದೆ. ಭಾರದವರು ಹಿಂದೆ ಕೂತರೆ ಮೂತಿ ತುಸು ಎತ್ತಿ ಅಲೆ ಹತ್ತುತ್ತದೆ, ತಿರುಗಿಸುವ ಕೆಲಸವೂ ಹಿಂದಿನವರ ಕೈಯಲ್ಲೇ ಇರುತ್ತದೆ. ನಿಮ್ಮ ಹೆಂಡತಿ 58, ಸಾಮಾನಿನೊಂದಿಗೆ 65. ಸಾಮರ್ಥ್ಯ 120 ಎಂದು ಬರೆದ ಒಂಟಿ ಕಯಾಕ್ ಸಾಕು. ಅವರಿಗೆ ತೀರ ದೊಡ್ಡದನ್ನು ಕೊಡಬೇಡಿ. ಹಗುರ ಮೈಯವರು ದೊಡ್ಡ ದೋಣಿಯಲ್ಲಿ ಕೂತರೆ ಅದು ನೀರಿನ ಮೇಲೆ ಎತ್ತರಕ್ಕೆ ನಿಂತು, ಗಾಳಿ ತಳ್ಳಿದ ಕಡೆಗೆಲ್ಲ ಸರಿಯುತ್ತದೆ.

ಜೋಡಿ ಕಯಾಕ್ ತಗೊಳ್ಳುವಾಗ ನಡುವೆ ಮೂರನೆಯ ಕೂರುವ ತಗ್ಗು ಇರುವುದನ್ನೇ ಆರಿಸಿ. ಮೂರನೆಯವರನ್ನು ಕೂರಿಸಲಿಕ್ಕೆ ಅಲ್ಲ, ಒಬ್ಬರೇ ಹೋಗುವ ದಿನಕ್ಕೆ. ಹಿಂದಿನ ಸೀಟಿನಲ್ಲಿ ಒಬ್ಬರೇ ಕೂತರೆ ಮೂತಿ ಗಾಳಿಯಲ್ಲಿ ಎದ್ದು ನಿಲ್ಲುತ್ತದೆ, ಒಂದು ಬೀಸು ಬಂದರೆ ಸಾಕು ದೋಣಿ ಅಡ್ಡ ತಿರುಗುತ್ತದೆ. ನಡುವೆ ಕೂತರೆ ಈ ತೊಂದರೆ ಇಲ್ಲ. ಬೆನ್ನಾಸರೆ ಬಿಚ್ಚಿ ನಡುವಿನ ಕೊಂಡಿಗೆ ಹಾಕಲು ಬರುತ್ತದೆಯೇ ಎಂದೂ ಅಂಗಡಿಯಲ್ಲೇ ನೋಡಿಕೊಳ್ಳಿ.

ಇನ್ನು ಮೇಲೆ ಕೂರುವುದೋ ಒಳಗೆ ಕೂರುವುದೋ ಎಂಬ ಪ್ರಶ್ನೆ. ಒಳಗೆ ಕೂರುವ ಕಯಾಕ್‌ನಲ್ಲಿ ಕಾಲು ಒಣಗಿರುತ್ತದೆ, ಬೆಚ್ಚಗಿರುತ್ತದೆ. ಚಳಿ ದೇಶದವರಿಗೆ ಅದು ದೊಡ್ಡ ಅನುಕೂಲ. ನಮ್ಮ ಕಡಲ ನೀರು 27, 28 ಡಿಗ್ರಿಯದ್ದು, ಇಲ್ಲಿ ಒದ್ದೆಯಾದರೆ ಹಾಯೆನಿಸುತ್ತದೆ. ಆದರೆ ಮಗುಚಿದಾಗ ಒಳಗೆ ಕೂರುವ ದೋಣಿ ನೂರೈವತ್ತು, ಇನ್ನೂರು ಲೀಟರ್ ನೀರು ಕುಡಿಯಬಹುದು. ಅಂದರೆ ಅಷ್ಟೇ ಕೆ.ಜಿ. ಅದನ್ನು ಆಳದ ನೀರಿನಲ್ಲಿ ಖಾಲಿ ಮಾಡಿ ಮತ್ತೆ ಹತ್ತಲು ಕೈಪಂಪು ಬೇಕು, ಜತೆಗಾರ ಬೇಕು, ಕಲಿತ ಕೈ ಬೇಕು. ಮೇಲೆ ಕೂರುವುದು ಮುಚ್ಚಿದ ಡಬ್ಬಿಯಂತೆ. ಮಗುಚಿದರೆ ತಿರುಗಿಸಿ ಹತ್ತಿದರಾಯಿತು, ನೀರು ತೂತಿನಿಂದ ತಾನೇ ಇಳಿಯುತ್ತದೆ.

ಹತ್ತುವುದಕ್ಕೂ ಒಂದು ಕ್ರಮವಿದೆ, ಮೊದಲ ದಿನವೇ ಸೊಂಟಮಟ್ಟದ ನೀರಿನಲ್ಲಿ ಮೂವರೂ ಕಲಿಯಬೇಕು. ಮಗುಚಿದ ಕಯಾಕ್‌ನ ಆಚೆ ಬದಿಯ ಹಿಡಿಕೆಯನ್ನು ತಳದ ಮೇಲಿಂದ ಕೈ ಚಾಚಿ ಹಿಡಿದು, ಮೊಣಕಾಲು ಈಚೆ ಅಂಚಿಗೆ ಊರಿ, ಹಿಂದಕ್ಕೆ ಬೀಳುತ್ತ ಎಳೆದರೆ ಅದು ತಿರುಗಿಕೊಳ್ಳುತ್ತದೆ. ಆಮೇಲೆ ಸೀಟಿನ ಪಕ್ಕಕ್ಕೆ ಬಂದು, ಕಾಲನ್ನು ನೀರಿನ ಮಟ್ಟಕ್ಕೆ ತೇಲಿಸಿ, ಈಜುವವರಂತೆ ಒದೆಯುತ್ತ ಹೊಟ್ಟೆಯ ಮೇಲೆ ಅಡ್ಡಡ್ಡ ಜಾರಿ ಮೇಲೇರಿ. ಅಲ್ಲೇ ಮಲಗಿದಂತೆ ಮೈ ಹೊರಳಿಸಿ ಕುಂಡೆ ಸೀಟಿಗೆ ತನ್ನಿ, ಕಾಲು ಕೊನೆಯಲ್ಲಿ ಒಳಗೆ. ಹೆಚ್ಚಿನವರು ಸೋಲುವುದು ಕಾಲು ಇಳಿಬಿಟ್ಟುಕೊಂಡು, ಕೈಬಲದಿಂದಲೇ ನೆಟ್ಟಗೆ ಮೇಲೇರಲು ಹೋಗಿ. ಆಗ ದೋಣಿ ಮತ್ತೆ ಮೈಮೇಲೆ ಮಗುಚುತ್ತದೆ. ಎರಡು ಮೂರು ಸಲ ಹೀಗಾದರೆ ತೋಳಿನ ಶಕ್ತಿಯೇ ಮುಗಿದಿರುತ್ತದೆ.

ಅಗಲ 76ರಿಂದ 82 ಸೆಂ.ಮೀ. ಇರಲಿ. ಅದಕ್ಕಿಂತ ಕಿರಿದಾದದ್ದು ಬೇಗ ಓಡುತ್ತದೆ, ಹೊಸಬರನ್ನು ಬೀಳಿಸುತ್ತದೆ. ಹೆಚ್ಚು ಅಗಲವಾದದ್ದು ಹಲಗೆಯಂತೆ ನಿಲ್ಲುತ್ತದೆ, ಆದರೆ ಹುಟ್ಟು ನೀರಿಗೆ ತಲುಪಲು ಮೈ ಬಾಗಿಸಬೇಕಾಗಿ ಭುಜ ನೋಯುತ್ತದೆ. ತಳದ ಆಕಾರವನ್ನೂ ತಿರುಗಿಸಿ ನೋಡಿ: ಉದ್ದಕ್ಕೂ ಒಂದು ನಡುಗೀರು ಎದ್ದು, ಹಿಂದೆ ಅದು ಚೂಪಾಗಿ ಇಳಿದಿದ್ದರೆ ದೋಣಿ ನೇರ ಹೋಗುತ್ತದೆ. ಪೂರ್ತಿ ಚಪ್ಪಟೆ ತಳದ್ದು ಪ್ರತಿ ಹುಟ್ಟಿಗೂ ಹಾವಿನಂತೆ ಹೊರಳುತ್ತದೆ. ಹಿಂಬದಿಯ ಚುಕ್ಕಾಣಿಗೆ ಹಣ ಹಾಕುವ ಅಗತ್ಯ ನಿಮಗಿಲ್ಲ. ಇಲ್ಲಿಯ ಆಳ ಕಡಿಮೆಯ ಜಾಗಗಳಲ್ಲಿ ಮರಳಿಗೂ ಚಿಪ್ಪಿಗೂ ತಾಗಿ ಮೊದಲು ಕೆಡುವ ಭಾಗವೇ ಅದು.

ಕನೂ ಬಗ್ಗೆ ಕೇಳಿದ್ದೀರಿ. ನಮ್ಮ ಹೊಳೆಗಳ ಪಾತಿ ದೋಣಿಯೂ ಒಂದು ಬಗೆಯ ಕನೂವೇ: ಮೇಲೆ ತೆರೆದ ಮೈ, ಒಂದೇ ಅಲಗಿನ ಹುಟ್ಟು. ಅಂಗಡಿಯಲ್ಲಿ ಸಿಗುವ 16 ಅಡಿಯ ಕನೂ 350ರಿಂದ 450 ಕೆ.ಜಿ. ಹೊರುತ್ತದೆ, ನೀವು ಮೂವರೂ ಸಾಮಾನು ಸಹಿತ ಆರಾಮವಾಗಿ ಕೂರಬಹುದು. ತೂಕದ ಲೆಕ್ಕ ಮಾತ್ರ ನೋಡಿದರೆ ಇದೇ ಸರಿಯಾದ ಉತ್ತರ. ಅಲೆಯಿಲ್ಲದ ಕೆರೆಗೆ, ಮರದ ನೆರಳಿನ ಸಣ್ಣ ಹೊಳೆಗೆ ಇದಕ್ಕಿಂತ ಚೆಂದದ ದೋಣಿ ಇಲ್ಲ. ನಿಮ್ಮ ಮನೆ ಶಿರಸಿಯಲ್ಲೇ ಇದ್ದಿದ್ದರೆ ನಾನು ಕನೂವನ್ನೇ ಹೇಳುತ್ತಿದ್ದೆ. ಆದರೆ ಕಾರವಾರದಲ್ಲಿ ಬಿಸಿಲೇರಿದ ಮೇಲೆ ಪಡುಗಾಳಿ ಏಳುತ್ತದೆ. ಕನೂವಿನ ಎತ್ತರದ ಪಕ್ಕೆಗಳು ಆಗ ಹಾಯಿಯಂತೆ ಗಾಳಿ ಹಿಡಿಯುತ್ತವೆ. ಅಗಲವಾದ ಅಳಿವೆಯಲ್ಲಿ ಇಬ್ಬರು ಹೊಸಬರ ಕೈಯಲ್ಲಿ ಅದು ನಿಲ್ಲುವುದಿಲ್ಲ. ಪಕ್ಕದಿಂದ ಒಂದು ಅಲೆ ಒಳಗೆ ಬಿತ್ತೆಂದರೆ ಬಸಿಯುವ ತೂತಿಲ್ಲ, ಚರಿಗೆಯಿಂದ ಮೊಗೆಯಬೇಕು.

ಗಾಳಿ ತುಂಬುವ ಕಯಾಕ್ ಬೇಡ ಎನ್ನಲು ಮುಖ್ಯ ಕಾರಣ ಕಾಂಡ್ಲಾ, ಅಂದರೆ ಉಪ್ಪುನೀರಿನ ದಡದಲ್ಲಿ ಬೇರು ಚಾಚಿ ಬೆಳೆಯುವ ಗಿಡಗಳು. ಕಾಳಿ ಅಳಿವೆಯ ಕಾಂಡ್ಲಾ ಬೇರುಗಳಿಗೆ, ಬಂಡೆಗಳಿಗೆ, ಹಳೆಯ ಗೂಟಗಳಿಗೆ ಚಿಪ್ಪುಗಳು ಅಂಟಿ ಬೆಳೆದಿರುತ್ತವೆ. ಅವುಗಳ ಅಂಚು ಬ್ಲೇಡಿನಷ್ಟೇ ಹರಿತ. ಗಟ್ಟಿ ಪ್ಲಾಸ್ಟಿಕ್ ತಳಕ್ಕೆ ಅವು ಗೀರು ಮಾತ್ರ ಹಾಕುತ್ತವೆ, ತೆಳು ಪಿ.ವಿ.ಸಿ.ಯನ್ನು ಸೀಳುತ್ತವೆ. ಇನ್ನೊಂದು ಕಾರಣ ಬಿಸಿಲು. ಗಟ್ಟಿ ತಳದ ಗಾಳಿ ಕಯಾಕ್‌ಗೆ 8 ಪಿಎಸ್‌ಐ ಒತ್ತಡ ಹೇಳಿದ್ದಾರೆ ಎನ್ನಿ. ಬೆಳಿಗ್ಗೆ 30 ಡಿಗ್ರಿಯಲ್ಲಿ ಅಷ್ಟು ತುಂಬಿ, ಮಧ್ಯಾಹ್ನ ಮರಳಿನ ಮೇಲೆ ಬಿಟ್ಟು ಒಳಗಿನ ಗಾಳಿ 60 ಡಿಗ್ರಿಗೆ ಕಾದರೆ ಒತ್ತಡ 10 ದಾಟುತ್ತದೆ. ಅಂಟಿಸಿದ ಹೊಲಿಗೆ ಬಿಡುವುದು ಹೆಚ್ಚಾಗಿ ನೀರಿನಲ್ಲಿ ಅಲ್ಲ, ಹೀಗೆ ದಡದಲ್ಲಿ. ಗಟ್ಟಿ ಕಯಾಕ್ ಇಡಲು ಜಾಗವಿಲ್ಲದ ಫ್ಲ್ಯಾಟಿನವರಿಗೆ, ಚಿಪ್ಪಿಲ್ಲದ ಸಿಹಿನೀರಿಗೆ ಅದು ಸರಿ. ದಡ ಸೇರಿದ ಕೂಡಲೇ ಸ್ವಲ್ಪ ಗಾಳಿ ಬಿಟ್ಟು ನೆರಳಿಗೆ ಎಳೆಯಬೇಕು.

ಶಿರಸಿಗೆ ಒಯ್ಯುವ ಮಾತಿಗೆ ಬರೋಣ. 12 ಅಡಿಯ ಜೋಡಿ ಕಯಾಕ್ 30ರಿಂದ 36 ಕೆ.ಜಿ., ಒಂಟಿಯದು 20ರಿಂದ 25 ತೂಗುತ್ತದೆ. ಎರಡೂ ಸೇರಿ 50ರಿಂದ 61 ಆಯಿತು, ಕ್ಯಾರಿಯರ್ ಕಂಬಿಯ ತೂಕ ಬೇರೆ. ಎಷ್ಟೋ ಸಣ್ಣ ಕಾರುಗಳ ಮಾಡು (ಛಾವಣಿ) ಹೊರುವುದು 50 ಕೆ.ಜಿ. ಮಾತ್ರ, ಕೆಲವಕ್ಕೆ ಕ್ಯಾರಿಯರ್ ಕೂಡದೆಂದೇ ಬರೆದಿರುತ್ತದೆ. ಕಾರಿನ ಪುಸ್ತಕದಲ್ಲಿ ಮಾಡಿನ ಹೇರು ಎಷ್ಟೆಂದು ಮೊದಲು ನೋಡಿ. ಘಟ್ಟಕ್ಕೆ ಒಂದನ್ನೇ ಒಯ್ಯುವುದು ಜಾಣತನ. ಎರಡು ಕಂಬಿಗಳ ನಡುವೆ ಕನಿಷ್ಠ 75 ಸೆಂ.ಮೀ. ಅಂತರವಿರಲಿ. ಲಾರಿಗೆ ಬಿಗಿಯುವ ಕಿಟಕಿಟಿ ರ‍್ಯಾಚೆಟ್ ಪಟ್ಟಿ ಬೇಡ. ಅದರ ಬಿಗಿತಕ್ಕೆ, ಮೇಲಿನ ಬಿಸಿಲಿಗೆ ಪ್ಲಾಸ್ಟಿಕ್ ತಳ ತಟ್ಟೆಯಂತೆ ತಗ್ಗು ಬೀಳುತ್ತದೆ. ಕೈಯಿಂದ ಎಳೆದು ಕಚ್ಚಿಸುವ ಬಕಲ್ ಪಟ್ಟಿ ಎರಡು ಸಾಕು. ದೇವಿಮನೆ ಘಟ್ಟದ ತಿರುವುಗಳಿಗೆ ಮುಂದಿನ ತುದಿಯಿಂದ ಬಂಪರಿನ ಕೊಂಡಿಗೆ, ಹಿಂದಿನ ತುದಿಯಿಂದ ಹಿಂದಿನ ಕೊಂಡಿಗೆ ಬೇರೆ ಹಗ್ಗ ಕಟ್ಟಿ. ಹತ್ತು ಕಿಲೋಮೀಟರ್ ಓಡಿದ ಮೇಲೆ ನಿಲ್ಲಿಸಿ ಒಮ್ಮೆ ಅಲುಗಿಸಿ ನೋಡಿ, ಮೊದಲ ಸಡಿಲ ಅಷ್ಟರಲ್ಲೇ ಕಾಣಿಸುತ್ತದೆ. ಪಟ್ಟಿಗೆ ಒಂದು ತಿರುಚು ಕೊಟ್ಟರೆ ಗಾಳಿಗೆ ಅದು ಗುಂಯ್‌ಗುಡುವುದು ನಿಲ್ಲುತ್ತದೆ.

ಘಟ್ಟದ ಮೇಲೆ ಎಲ್ಲೆಂದರಲ್ಲಿ ಇಳಿಸುವಂತಿಲ್ಲ. ಅಣೆಕಟ್ಟಿನ ಹಿನ್ನೀರಿಗೂ ಕಾಡಿನೊಳಗಿನ ಹೊಳೆಗೂ ಅನುಮತಿ ಬೇಕು. ದಾಂಡೇಲಿ ಸುತ್ತಿನ ಕಾಳಿಯಲ್ಲಿ ಮೊಸಳೆಗಳಿವೆ. ಗಣೇಶಗುಡಿಯ ಕಡೆಯ ರಭಸದ ನೀರು ಸೂಪಾ ಅಣೆಕಟ್ಟಿನಿಂದ ವಿದ್ಯುತ್ ಉತ್ಪಾದನೆಗೆ ಬಿಡುವ ನೀರಿಗೇ ಹೊಂದಿಕೊಂಡು ಏರಿಳಿಯುತ್ತದೆ. ಅದಕ್ಕೆ 8, 9 ಅಡಿಯ ಗಿಡ್ಡ, ಮೂತಿ ಬಾಗಿದ ಬೇರೆಯೇ ಕಯಾಕ್, ಹೆಲ್ಮೆಟ್, ಗುರು ಬೇಕು. ನೀವು ತಗೊಳ್ಳುವ ದೋಣಿ ಅಲ್ಲಿಗೆ ಹೊಂದದು.

ಸದಾಶಿವಗಡದಲ್ಲಿ ಮನೆಯಿಂದ ನೀರಿಗೆ ಎಳೆಯಲು ಎರಡು ಚಕ್ರದ ತಳ್ಳುಗಾಡಿ ತಗೊಳ್ಳಿ. ಮರಳಿಗೆ ಅಗಲ ಚಕ್ರವೇ ಆಗಬೇಕು, ಸೈಕಲ್ಲಿನಂಥದು ಹೂತುಹೋಗುತ್ತದೆ. ಬಸಿಯುವ ತೂತಿಗೆ ಎರಡು ಗೂಟ ತೂರಿಸಿ ನಿಲ್ಲಿಸುವ ಬಗೆಯದು ಅಗ್ಗ, ಆದರೆ ದೋಣಿಯ ಭಾರವೆಲ್ಲ ಆ ತೂತಿನ ತೆಳು ಗೋಡೆಯ ಮೇಲೆ ಬಿದ್ದು ಅಲ್ಲೇ ಬಿರುಕು ಬಿಡುತ್ತದೆ. ತಳವನ್ನು ತೊಟ್ಟಿಲಿನಂತೆ ಹೊತ್ತು ಪಟ್ಟಿಯಿಂದ ಕಟ್ಟುವುದನ್ನು ಆರಿಸಿ.

ಹುಟ್ಟಿನ ಮೇಲೆ ಜಿಪುಣತನ ಮಾಡಬೇಡಿ. ಮೂರು ಗಂಟೆಯಲ್ಲಿ ಅದನ್ನು ಸಾವಿರಾರು ಸಲ ಎತ್ತುತ್ತೀರಿ. ಅಲ್ಯೂಮಿನಿಯಂ ದಂಡದ್ದು ಉಪ್ಪುನೀರಿಗೆ ಪುಡಿಗಟ್ಟಿ ನಡುವಿನ ಕೀಲು ಕಚ್ಚಿಕೊಳ್ಳುತ್ತದೆ. ಫೈಬರ್‌ಗ್ಲಾಸ್ ದಂಡದ, ಒಂದು ಕೆ.ಜಿ.ಗಿಂತ ಕಡಿಮೆ ತೂಕದ್ದು ತಗೊಳ್ಳಿ. ಇಷ್ಟು ಅಗಲದ ದೋಣಿಗೆ ನಿಮಗೆ 230ರಿಂದ 240, ನಿಮ್ಮ ಹೆಂಡತಿಗೆ 220ರಿಂದ 230, ಮಗನಿಗೆ ತೆಳು ದಂಡದ 190ರಿಂದ 200 ಸೆಂ.ಮೀ. ಪ್ರತಿ ಸಲವೂ ಕೀಲು ಬಿಚ್ಚಿ ಸಿಹಿನೀರಿನಲ್ಲಿ ತೊಳೆದಿಡಿ. ಮರಳಿನ ಒಂದು ಕಾಳು ಸಾಕು ಅದು ಬಿಚ್ಚಲು ಬಾರದಂತೆ ಮಾಡಲು.

ಲೈಫ್ ಜಾಕೆಟ್‌ನಲ್ಲಿ 50 ನ್ಯೂಟನ್, 100 ನ್ಯೂಟನ್ ಎಂದು ಬರೆದಿರುತ್ತದೆ, ಅದು ತೇಲಿಸುವ ಬಲದ ಅಳತೆ. 50ರದ್ದು ಈಜು ಚೆನ್ನಾಗಿ ಬರುವ, ದಡದ ಹತ್ತಿರ ಇರುವ ದೊಡ್ಡವರಿಗೆ. ತೋಳಿನ ಹತ್ತಿರ ಅಗಲ ಬಿಟ್ಟಿರುವುದರಿಂದ ಹುಟ್ಟು ಹಾಕಲು ಅಡ್ಡಿಯಾಗದು. ಮಗನಿಗೆ ಅವನ ತೂಕದ ಅಳತೆಯದೇ, ಕುತ್ತಿಗೆ ಹಿಂದೆ ಕಾಲರ್ ಇರುವ, ಕಾಲ ಸಂದಿನಿಂದ ಪಟ್ಟಿ ಬರುವ 100 ನ್ಯೂಟನ್‌ನದು ಬೇಕು. ತೊಡಿಸಿ, ಬಿಗಿದು, ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಕಿವಿಯವರೆಗೆ ಏರಿದರೆ ಅದು ಅವನದಲ್ಲ. ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡದು ತರಬೇಡಿ, ನೀರಿನಲ್ಲಿ ಅದು ಮೇಲೆ ಹೋಗಿ ಹುಡುಗ ಕೆಳಗೆ ಉಳಿಯುತ್ತಾನೆ. ದೊಡ್ಡವರು ತೊಟ್ಟರೆ ಮಕ್ಕಳು ತೊಡುತ್ತಾರೆ. ಬಿಚ್ಚಿ ಸೀಟಿನ ಹಿಂದೆ ಸಿಕ್ಕಿಸಿಟ್ಟ ಜಾಕೆಟ್ ಯಾರನ್ನೂ ಉಳಿಸುವುದಿಲ್ಲ.

ಈಗ ಕಾಳಿಯ ನೀರು. ಭರತ (ಉಬ್ಬರ), ಇಳಿತ ತಿಳಿಯದೆ ಇಲ್ಲಿ ದೋಣಿ ಆರಿಸುವುದೇ ಆಗದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರಿನ ಏರಿಳಿತ ಒಂದೂವರೆಯಿಂದ 2 ಮೀಟರ್. ಏರಿದ ನೀರು ಪೂರ್ತಿ ಇಳಿಯಲು ಸುಮಾರು ಆರು ಗಂಟೆ, ಆದರೆ ಸಮನಾಗಿ ಇಳಿಯುವುದಿಲ್ಲ. ಮೊದಲ ಗಂಟೆ ಹನ್ನೆರಡರಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಆಮೇಲೆ ಎರಡು, ಒಂದು. 1.8 ಮೀಟರ್ ಇಳಿಯುವ ದಿನ ನಡುವಿನ ಎರಡೇ ಗಂಟೆಯಲ್ಲಿ 90 ಸೆಂ.ಮೀ. ಇಳಿದುಹೋಗುತ್ತದೆ. ನಿಮ್ಮ ಜೋಡಿ ಕಯಾಕ್ ಆರಾಮದ ಹುಟ್ಟಿಗೆ ಗಂಟೆಗೆ 4, 5 ಕಿ.ಮೀ. ಹೋಗುವಂಥದು. ಎದುರಿನಿಂದ 3 ಕಿ.ಮೀ. ಸೆಳವಿದ್ದರೆ ಉಳಿಯುವುದು ಒಂದೋ ಎರಡೋ. ಆದ್ದರಿಂದ ಭರತದ ಜತೆ ಮೇಲಕ್ಕೆ ಹೋಗಿ, ನೀರು ನಿಂತಾಗ ತಿರುಗಿ, ಇಳಿತದ ಮೊದಲ ಪಾಲಿನಲ್ಲಿ ಮನೆ ಸೇರುವಂತೆ ಹೊರಡಿ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಕಳೆದ ಭಾನುವಾರದ ಲೆಕ್ಕ ಈ ಭಾನುವಾರಕ್ಕೆ ಬರದು. ಕಾಂಡ್ಲಾದೊಳಗಿನ ಸಣ್ಣ ಕವಲುಗಳಿಗೆ ಇಳಿತದಲ್ಲಿ ಹೋಗಲೇಬೇಡಿ. ಅರ್ಧ ಗಂಟೆಯಲ್ಲಿ ಮೊಣಕಾಲು ಹೂಳುವ ಕೆಸರಿನ ಮೇಲೆ ಕೂತುಬಿಡುತ್ತೀರಿ, ಮುಂದಿನ ಭರತದವರೆಗೆ ಕಾಯಬೇಕು.

ಸೆಳವು ನಿಮ್ಮನ್ನು ಅಡ್ಡಲಾಗಿ ಬಲೆಯ ಗೂಟಕ್ಕೋ ಸೇತುವೆ ಕಂಬಕ್ಕೋ ಒಯ್ದು ಒತ್ತಿದರೆ ಮೈ ಸಹಜವಾಗಿ ಆಚೆ, ನೀರು ಬರುವ ಕಡೆಗೆ ವಾಲುತ್ತದೆ. ಹಾಗೆ ವಾಲಿದ ಕ್ಷಣ ಆ ಬದಿಯ ಅಂಚಿನ ಮೇಲೆ ನೀರು ಹತ್ತಿ ದೋಣಿ ಮಗುಚುತ್ತದೆ. ಗೂಟದ ಕಡೆಗೇ ವಾಲಿ, ಅದನ್ನು ಅಪ್ಪಿ ಹಿಡಿದು, ಒಂದು ತುದಿಗೆ ಸರಿದುಕೊಳ್ಳಬೇಕು. 2024ರ ಆಗಸ್ಟ್‌ನಲ್ಲಿ ಹಳೆಯ ಸೇತುವೆ ಕುಸಿದ ಜಾಗದ ಸುತ್ತ ದೂರದಿಂದಲೇ ಹೋಗಿ. ಮೀನುಗಾರರ ಗೂಟ, ಬಲೆ, ಎಂಡಿ (ದಡದಿಂದ ಎಳೆಯುವ ಬಲೆ) ಹಗ್ಗಗಳಿಂದಲೂ ದೂರವಿರಿ. ಅದು ಅವರ ಅನ್ನ.

ದೇವಬಾಗದ ಸಮುದ್ರಕ್ಕೆ ಮೊದಲ ಒಂದು ವರ್ಷ ಹೋಗಬೇಡಿ ಎನ್ನುತ್ತೇನೆ. ಹೋದರೂ ಅಳಿವೆಯ ಬಾಯಿಂದ ಬೇಡ. ಇಳಿತದ ನೀರು ಹೊರಕ್ಕೆ, ಕಡಲಲೆ ಒಳಕ್ಕೆ ಬಂದು ಮರಳ ದಿಬ್ಬದ ಮೇಲೆ ಗುದ್ದಾಡುವಲ್ಲಿ ಅಲೆ ಗಿಡ್ಡವಾಗಿ, ಕಡಿದಾಗಿ ಏಳುತ್ತದೆ. ದೊಡ್ಡ ದೋಣಿಗಳಿಗೂ ಅದು ಕಷ್ಟದ ಜಾಗ. ಬೆಳಗಿನ ನೆಲಗಾಳಿ ದಡದಿಂದ ಆಚೆ ತಳ್ಳುತ್ತದೆ, ಹೋಗುವುದು ಸುಲಭ ಅನ್ನಿಸಿ ದೂರ ಹೋಗಿರುತ್ತೀರಿ. ದಡಕ್ಕೆ ಸಮಾನಾಂತರವಾಗಿ, ಈಜಿ ಬರಬಹುದಾದಷ್ಟು ದೂರದಲ್ಲೇ ಇದ್ದು, ಬೆಳಿಗ್ಗೆ ಹತ್ತು ಗಂಟೆಯೊಳಗೆ ದಡ ಸೇರಿ. ಕೂರ್ಮಗಡ ದ್ವೀಪಕ್ಕೆ ಕಯಾಕ್‌ನಲ್ಲಿ ಹೋಗುವ ಆಲೋಚನೆ ಬಿಡಿ. 2019ರ ಜನವರಿಯಲ್ಲಿ ಅಲ್ಲಿಯ ಜಾತ್ರೆಗೆ ಹೋಗಿದ್ದವರ ದೋಣಿ ಮಗುಚಿ ಹಲವರು ತೀರಿಕೊಂಡದ್ದು ನಿಮಗೆ ಗೊತ್ತೇ ಇದೆ. ಅದು ತಿಳಿ ಆಕಾಶದ ತಿಂಗಳು. ಅರಗಾ ನೌಕಾನೆಲೆಯ ಕಡೆಯ ನೀರಿಗೆ ಯಾವ ಕಾರಣಕ್ಕೂ ಹೋಗುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಯಾಕ್ ಮಾಡಿನ ಕೆಳಗೇ ಇರಲಿ. ಆ ದಿನಗಳಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರೆ ನದಿಯ ಲೆಕ್ಕವೇ ಬೇರೆ. ಫೋನನ್ನು ನೀರು ಹೋಗದ ಚೀಲದಲ್ಲಿ ಮೈಗೇ ಕಟ್ಟಿಕೊಳ್ಳಿ, ಅದರಲ್ಲಿ 112 ಮತ್ತು ಕರಾವಳಿ ಕಾವಲು ಪಡೆಯ 1554 ಇರಲಿ. ಒಂದು ಸೀಟಿ ಪ್ರತಿಯೊಬ್ಬರ ಜಾಕೆಟ್‌ಗೂ ಕಟ್ಟಿರಲಿ.

ಹಳೆಯ ಕಯಾಕ್ ಸಿಕ್ಕರೆ ತಗೊಳ್ಳಲು ಹಿಂಜರಿಯಬೇಡಿ, ಗಟ್ಟಿ ಪ್ಲಾಸ್ಟಿಕ್ ಹತ್ತಾರು ವರ್ಷ ಬಾಳುತ್ತದೆ. ನೋಡಬೇಕಾದ್ದು ಮೂರು ಜಾಗ: ಎಳೆದಾಡಿ ಸವೆದ ಹಿಂದಿನ ತುದಿಯ ತಳ, ಬಸಿಯುವ ತೂತುಗಳ ಒಳಗೋಡೆ, ಸೀಟಿನ ಕೊಂಡಿ ಕೂತಿರುವ ಸ್ಕ್ರೂಗಳ ಬುಡ. ಬಣ್ಣ ಮಂಕಾಗಿ, ಉಗುರಿನಿಂದ ಕೆರೆದರೆ ಬಿಳಿ ಪುಡಿ ಬಂದರೆ ಅದು ವರ್ಷಗಟ್ಟಲೆ ಬಿಸಿಲಿನಲ್ಲಿ ಬಿದ್ದದ್ದು, ಬಿಡಿ. ಮಾರುವವರು ಒಪ್ಪಿದರೆ ಮುಚ್ಚಳ ತೆಗೆದು ಒಳಗೆ ಮೂರು ಕೊಡ ನೀರು ಸುರಿದು, ಬಿರಡೆ ಬಿಗಿದು, ಎರಡು ಇಟ್ಟಿಗೆಯ ಮೇಲೆ ಎತ್ತಿಟ್ಟು, ಆಚೆ ಈಚೆ ವಾಲಿಸುತ್ತ ಹತ್ತು ನಿಮಿಷ ಬಿಡಿ. ಸೋರುವ ಬಿರುಕು ಹೊರಗಿನಿಂದ ಕಣ್ಣಿಗೆ ಬೀಳದಿದ್ದರೂ ಕೆಳಗಿನ ಒಣನೆಲದ ಮೇಲೆ ಅದರ ಹನಿ ಎಲ್ಲಿ ಬಿತ್ತೆಂದು ಕಾಣುತ್ತದೆ.